ಹುಂಜದ ಪಾಲು

ನಮ್ಮ ಚಿಕ್ಕಲಸಂದ್ರದಲ್ಲಿ ಆಗ ಕೋಳಿಗಳನ್ನು ವಾರಕ್ಕೆ ಕೊಡುವ ಪದ್ಧತಿ ಇತ್ತು. ನಮ್ಮ ಕೋಳಿಯನ್ನು ಇನ್ನೊಬ್ಬರು ಒಯ್ದು ಸಾಕುತ್ತಾರೆ. ಅದು ಮೊಟ್ಟೆಯಿಟ್ಟು, ಕಾವಿಗೆ ಕೂತು ಮರಿ ಮಾಡುತ್ತದೆ. ಮರಿಗಳು ಬಲಿತ ಮೇಲೆ ಅರ್ಧ ಅವರಿಗೆ, ಅರ್ಧ ನಮಗೆ. ಕಾಗದವಿಲ್ಲ, ಸಾಕ್ಷಿಯಿಲ್ಲ. ಹದ್ದು ಎಷ್ಟು ಎತ್ತಿಕೊಂಡು ಹೋಯಿತು, ಮುಂಗುಸಿ ಎಷ್ಟು ತಿಂದಿತು ಎಂದು ಸಾಕಿದವರು ಹೇಳಿದ್ದನ್ನು ನಂಬಬೇಕು. ಹಾಗಾಗಿ ನಿಯತ್ತಿನವರಿಗೆ ಮಾತ್ರ ಕೊಡುತ್ತಿದ್ದರು.

ಹಿತ್ತಿಲ ಬೇಲಿಯಾಚೆಯ ದೊಡ್ಡಮ್ಮ ಅಂಥವರು. ರಕ್ತಸಂಬಂಧವೇನೂ ಇರಲಿಲ್ಲ. ಅವ್ವ ಅವರನ್ನು ಅಕ್ಕ ಎನ್ನುತ್ತಿದ್ದಳು, ಆದ್ದರಿಂದ ನನಗೆ ದೊಡ್ಡಮ್ಮ. ಗಂಡ ತೀರಿಕೊಂಡಿದ್ದರು, ಮಕ್ಕಳಿಲ್ಲ, ಹೊಲವಿಲ್ಲ. ಐದಾರು ಮನೆಗಳ ವಾರದ ಕೋಳಿಗಳೇ ಅವರ ಬದುಕು. ಐವತ್ತರ ದಶಕದ ಕೊನೆಯಲ್ಲಿ ಅವ್ವನೂ ಒಂದು ಕೆಂದು ಕೋಳಿಯನ್ನು ಅವರಿಗೆ ಕೊಟ್ಟಳು. ಕಂದು ಬಣ್ಣದ ಮೊಟ್ಟೆಯಿಡುವ ಅಪ್ಪಟ ನಾಟಿ ಕೋಳಿ ಅದು.

ದೊಡ್ಡಮ್ಮನ ಗೋಡೆಗೆ ಅಂಟಿಕೊಂಡ ಕೋಣೆಯಲ್ಲಿ ಆ ವರ್ಷ ಗ್ರಾಮಸೇವಕರೊಬ್ಬರು ಬಾಡಿಗೆಗೆ ಇದ್ದರು. ಊರಿನ ಕೋಳಿ ತಳಿ ಸುಧಾರಿಸಬೇಕೆಂದು ಅವರು ಸರ್ಕಾರಿ ಫಾರಂನಿಂದ ಒಂದು ಬಿಳಿ ಹುಂಜ ತಂದರು. ನಮ್ಮ ಹುಂಜಗಳಿಗೆ ಏನು ರೋಗ ಬಂದಿದೆ ಎಂದು ಊರಿನವರು ಯಾರೂ ಅದನ್ನು ಒಯ್ಯಲಿಲ್ಲ. ಅದು ದೊಡ್ಡಮ್ಮನ ಹಿತ್ತಿಲಲ್ಲೇ ರಾಜನ ಹಾಗೆ ತಿರುಗಾಡಿಕೊಂಡಿತ್ತು. ಮೂರು ತಿಂಗಳಲ್ಲಿ ಕಾಡುಬೆಕ್ಕು ಅದನ್ನು ಮುಗಿಸಿತು. ಗ್ರಾಮಸೇವಕರಿಗೂ ವರ್ಗವಾಯಿತು.

ಅಷ್ಟರಲ್ಲಿ ನಮ್ಮ ಕೆಂದು ಕೋಳಿ ಮರಿ ಮಾಡಿತ್ತು. ಉಳಿದ ಎಂಟರಲ್ಲಿ ನಾಲ್ಕು ನಮ್ಮ ಪಾಲಿಗೆ ಬಂದವು. ಎಲ್ಲವೂ ಬಿಳಿ, ಅಲ್ಲಲ್ಲಿ ಒಂದೊಂದು ಕರಿ ಚುಕ್ಕೆ. ಅಪ್ಪನ ಹಾಗೆ ಇವೆ ಎಂದು ಅವ್ವ ನಕ್ಕು ಒಳಗೆ ಬಿಟ್ಟುಕೊಂಡಳು. ಪುಕ್ಕದ ಬಣ್ಣ ಹುಂಜದಿಂದ ಬರುವುದನ್ನು ಊರೆಲ್ಲ ನೋಡಿತ್ತು, ಅದರ ಬಗ್ಗೆ ತಕರಾರು ಇರಲಿಲ್ಲ.

ಆರೇಳು ತಿಂಗಳ ಮೇಲೆ ನನ್ನ ಅಕ್ಕ ಬಾಣಂತನಕ್ಕೆ ಬಂದಳು. ಬಾಣಂತಿಗೆ ನಾಟಿ ಮೊಟ್ಟೆಯೇ ಆಗಬೇಕು, ಬಿಳಿ ಮೊಟ್ಟೆಯಲ್ಲಿ ಸತ್ವವಿಲ್ಲ ಎಂಬುದು ಅವ್ವನ ನಂಬಿಕೆ. ಅದೇ ವಾರ ನಮ್ಮ ಎರಡು ಬಿಳಿ ಹೆಣ್ಣು ಮರಿಗಳು ಮೊಟ್ಟೆಯಿಡಲು ಶುರು ಮಾಡಿದವು. ಅವ್ವ ಕೋಳಿ ಮುಚ್ಚುವ ಬಿದಿರಿನ ಮಂಕರಿಗೆ ಕೈಹಾಕಿ ಮೊಟ್ಟೆ ತೆಗೆದಳು. ಹಾಲಿಗೆ ಒಂದು ತೊಟ್ಟು ಕಾಫಿ ಬಿದ್ದಷ್ಟೇ ಬಣ್ಣ. ಬಿಸಿಲಿಗೆ ಹಿಡಿದರೆ ಅದೂ ಕಾಣದು.

ಫಾರಂ ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ಮಾರುವವನೊಬ್ಬ ಜಯನಗರದ ಕಡೆಯಿಂದ ಆಗಾಗ ಬರುತ್ತಿದ್ದ. ಅವ್ವನಿಗೆ ಎಲ್ಲವೂ ಹೊಳೆದುಹೋಯಿತು. ನಮ್ಮ ಕೋಳಿಯ ಮರಿಗಳನ್ನು ದೊಡ್ಡಮ್ಮ ಮಾರಿಕೊಂಡು, ಫಾರಂ ಮರಿಗಳನ್ನು ನಮಗೆ ದಾಟಿಸಿದ್ದಾರೆ. ಕೆಂದು ಕೋಳಿ ಆ ಬಿಳಿ ಹುಂಜದ ಜೊತೆ ಮೂರು ತಿಂಗಳು ಇದ್ದೂ ಕಂದು ಮೊಟ್ಟೆಯನ್ನೇ ಇಟ್ಟಿತ್ತು. ಹುಂಜದಿಂದ ಮೊಟ್ಟೆಯ ಬಣ್ಣ ಬದಲಾಗುವುದಿಲ್ಲ ಎನ್ನಲು ಇನ್ನೇನು ಪುರಾವೆ ಬೇಕು?

ಅವ್ವ ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೇಲಿ ದಾಟಿದಳು. ನಾನೂ ಹಿಂದೆ ಹೋದೆ. ನನಗೆ ಹನ್ನೆರಡು ವರ್ಷ, ಶಾಲೆಯಲ್ಲಿ ಮೊದಲನೆಯವಳು, ಬಾಯಿ ಬಲು ಮುಂದು. ಗಲಾಟೆ ಕೇಳಿ ನಾಲ್ಕಾರು ಹೆಂಗಸರು ಸೇರಿದರು.

“ನಿನ್ನ ಕೋಳಿ ಕಾವಿಗೆ ಕೂತಿದ್ದು ನಾನು ಕಣ್ಣಾರೆ ನೋಡಿವ್ನಿ ಕಣವ್ವ. ಆ ಬಿಳಿ ಹುಂಜದ ಮರಿಗಳೇ ಇವು, ಅದಕ್ಕೇ ಮೊಟ್ಟೆ ಹಿಂಗೈತೆ,” ಎಂದರು ದೊಡ್ಡಮ್ಮ.

“ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅಂತಾರೆ. ತಾಯಿ ಮೊಟ್ಟೆ ಕಂದು, ಮಗಳದು ಬಿಳೀನಾ?” ಎಂದಳು ಅವ್ವ.

ನಾನು ಸುಮ್ಮನಿರಬಹುದಿತ್ತು. “ಹುಂಜ ಏನು ಮೊಟ್ಟೆ ಇಡುತ್ತಾ ದೊಡ್ಡಮ್ಮ, ಅದರ ಬಣ್ಣ ಬರೋಕೆ?” ಎಂದೆ. ಹೆಂಗಸರೆಲ್ಲ ನಕ್ಕರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಎಂದು ಒಬ್ಬಳು ಸೇರಿಸಿದಳು. ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳಲಾರೆ.

ಹಾಗಾದರೆ ಮಾರಮ್ಮನ ಗುಡಿಯಲ್ಲಿ ಕರ್ಪೂರ ಆರಿಸಿ ಆಣೆ ಮಾಡಲಿ ಎಂದರು ಸೇರಿದ್ದ ಹೆಂಗಸರು. ದೊಡ್ಡಮ್ಮ ಒಪ್ಪಲಿಲ್ಲ. “ಇಷ್ಟು ವರ್ಷ ನನ್ನ ಮಾತು ನಡೀತು. ಇವತ್ತು ಮೊಟ್ಟೆ ಬಣ್ಣಕ್ಕೆ ದೇವ್ರನ್ನ ಕರೀಬೇಕಾ? ನಾನು ಮಾಡಲ್ಲ,” ಎಂದು ಒಳಗೆ ಹೋಗಿಬಿಟ್ಟರು. ಆಣೆಗೆ ಹೆದರಿದಳು ಎಂದೇ ಊರು ತಿಳಿಯಿತು.

ಒಂದೊಂದೇ ಮನೆಯವರು ಬಂದು ತಮ್ಮ ಕೋಳಿಗಳನ್ನು ಹಿಡಿದುಕೊಂಡು ಹೋದರು. ಮತ್ತೆ ಯಾರೂ ಅವರಿಗೆ ವಾರಕ್ಕೆ ಕೊಡಲಿಲ್ಲ. ಐವತ್ತು ದಾಟಿದ ಹೆಂಗಸು ಜಯನಗರದಲ್ಲಿ ಏಳುತ್ತಿದ್ದ ಮನೆಗಳಿಗೆ ಗಾರೆ ಹೊರಲು ಹೊರಟರು. ನಡೆದೇ ಹೋಗಿ ನಡೆದೇ ಬರುತ್ತಿದ್ದರು. ಫಾರಂ ಕೋಳಿ ಎಂದು ಬೈದ ಆ ಬಿಳಿ ಕೋಳಿಗಳನ್ನು ಅವ್ವ ಮಾತ್ರ ಬಿಡಲಿಲ್ಲ. ಚೆನ್ನಾಗಿ ಮೊಟ್ಟೆಯಿಡುತ್ತಿದ್ದವಲ್ಲ.

ಅರವತ್ತರ ದಶಕದ ನಡುವಿನಲ್ಲಿ ನಾನು ಕಾಲೇಜು ಸೇರಿ ಪ್ರಾಣಿಶಾಸ್ತ್ರ ಓದಿದೆ. ಅನುವಂಶೀಯತೆಯ ಪಾಠದ ದಿನ ಮೇಷ್ಟ್ರು ಬಟಾಣಿಯ ಮಾತು ಆಡುತ್ತಿದ್ದರೆ ನನಗೆ ಕೋಳಿ ನೆನಪಾಯಿತು. ತರಗತಿ ಮುಗಿದ ಮೇಲೆ ಹೋಗಿ ಕೇಳಿದೆ. ಅವರು ನಿಧಾನವಾಗಿ ಹೇಳಿದರು. ಎಲ್ಲ ಮೊಟ್ಟೆಯ ಚಿಪ್ಪೂ ಮೊದಲು ಬಿಳಿಯೇ. ಕಂದು ಮೊಟ್ಟೆಯಿಡುವ ಕೋಳಿಗಳಲ್ಲಿ ಮೊಟ್ಟೆ ಹೊರಬರುವ ಮುಂಚೆ ಅದರ ಮೇಲೆ ಬಣ್ಣ ಬಳಿದುಕೊಳ್ಳುತ್ತದೆ, ಅದಕ್ಕೇ ಒಡೆದು ನೋಡಿದರೆ ಒಳಬದಿ ಬೆಳ್ಳಗಿರುತ್ತದೆ. ಎಷ್ಟು ಬಣ್ಣ ಬಳಿಯಬೇಕೆಂಬುದು ಒಂದೇ ಜೀನಿನ ಕೆಲಸವಲ್ಲ, ಹಲವು ಸೇರಿ ತೀರ್ಮಾನಿಸುತ್ತವೆ. ಅವು ಕೋಳಿಗೆ ತಾಯಿಯಿಂದಲೂ ಬರುತ್ತವೆ, ತಂದೆಯಿಂದಲೂ ಬರುತ್ತವೆ. ಹುಂಜ ಮೊಟ್ಟೆಯಿಡದಿದ್ದರೂ ತನ್ನ ತಾಯಿಯ ಕಡೆಯ ಬಣ್ಣವನ್ನು ಮೈಯಲ್ಲಿ ಹೊತ್ತಿರುತ್ತದೆ. ಅದು ಕೂಡಿದ ಕೋಳಿಯ ಮೊಟ್ಟೆ ಬದಲಾಗುವುದಿಲ್ಲ. ಅದರ ಹೆಣ್ಣುಮಕ್ಕಳು ಮೊಟ್ಟೆಯಿಡುವಾಗ ಗೊತ್ತಾಗುತ್ತದೆ. ಕಂದು ಮತ್ತು ಬಿಳಿ ಸೇರಿದರೆ ಬಹುಪಾಲು ನಡುವಿನ ಬಣ್ಣ.

ಹಾಲಿಗೆ ಬಿದ್ದ ಕಾಫಿಯ ಬಣ್ಣ. ಅಪ್ಪಟ ಫಾರಂ ಮರಿಗಳಾಗಿದ್ದರೆ ಆ ತೊಟ್ಟೂ ಇರುತ್ತಿರಲಿಲ್ಲ. ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ, ಹುಂಜ ಏನು ಮೊಟ್ಟೆ ಇಡುತ್ತಾ ಎಂದ ನನ್ನದೇ ಮಾತು ಮತ್ತೆ ಮತ್ತೆ ಕೇಳಿಸಿತು.

ಅವ್ವನಿಗೆ ಹೇಳಿದೆ. ಅವಳು ಒಂದು ಕಂದು ಮೊಟ್ಟೆ ಒಡೆದು ಚಿಪ್ಪಿನ ಒಳಬದಿ ನೋಡಿದಳು. ಭಾನುವಾರ ಬೆಳಿಗ್ಗೆ ಒಳ್ಳೆಯದೊಂದು ಕಂದು ಕೋಳಿಯನ್ನು ಮಂಕರಿಯಲ್ಲಿ ಮುಚ್ಚಿಕೊಂಡು ಬೇಲಿ ದಾಟಿದಳು, ನನ್ನನ್ನೂ ಕರೆದುಕೊಂಡು. ದೊಡ್ಡಮ್ಮ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದರು. ಗಾರೆಯಿಂದ ಪಾದಗಳು ಒಡೆದಿದ್ದವು. ನಾನು ಜೀನು, ಬಟಾಣಿ, ಚಿಪ್ಪು ಎಲ್ಲವನ್ನೂ ಬಿಡಿಸಿ ಹೇಳಿದೆ. ಚೆನ್ನಾಗಿಯೇ ಹೇಳಿದೆ.

ಅವರು ಪೂರ್ತಿ ಕೇಳಿ ಅವ್ವನ ಕಡೆ ತಿರುಗಿದರು. “ಇದನ್ನೇ ಅಲ್ವಾ ನಾನು ಅವತ್ತು ಹೇಳಿದ್ದು? ಅಕ್ಕ ಅಂತಿದ್ದೆ ನೀನು. ಕಾಲೇಜಿನವರು ಹೇಳಿದ ಮೇಲೆ ನಂಬಿದೆ.”

“ತಪ್ಪಾಯ್ತಕ್ಕ. ಕೋಳಿ ತಂದಿವ್ನಿ, ಮೊದಲಿನಂಗೆ ವಾರಕ್ಕೆ ಇಟ್ಕೊ,” ಎಂದಳು ಅವ್ವ.

“ವಾರಕ್ಕೆ ಬ್ಯಾಡ. ವಾರ ಅಂದ್ರೆ ಕೊಟ್ಟೋರು ನಂಬಬೇಕು, ಇಟ್ಕೊಂಡೋರೂ ನಂಬಬೇಕು. ನನ್ನ ಕೈಲಿ ಆಗಲ್ಲ. ನಂಗೇ ಅಂತ ಕೊಡೋದಾದ್ರೆ ಬಿಟ್ಟೋಗು.”

ಅವ್ವ ಬಿಟ್ಟು ಬಂದಳು. ಖಾಲಿ ಮಂಕರಿಯನ್ನು ಒಲೆಯ ಪಕ್ಕ ಇಟ್ಟು ಅತ್ತಳು. ಕೋಳಿ ಹೋದದ್ದಕ್ಕೆ ಬೇಜಾರಿಲ್ಲ, ನಮ್ಮ ಜೊತೆ ಪಾಲೇ ಬೇಡ ಅಂದುಬಿಟ್ಟಳಲ್ಲ ಎಂದಳು. ನಾನು ಅವಳ ಪಕ್ಕದಲ್ಲಿ ಕೂತೆ. ದೊಡ್ಡಮ್ಮನ ಎದುರು ನಾನು ಅಷ್ಟು ಹೊತ್ತು ಮಾತಾಡಿದ್ದೆ, ತಪ್ಪಾಯ್ತು ಎಂಬ ಒಂದು ಮಾತು ಮಾತ್ರ ನನ್ನ ಬಾಯಿಂದ ಬಂದಿರಲಿಲ್ಲ. ಅವರು ತೀರಿಕೊಳ್ಳುವವರೆಗೂ ಬರಲಿಲ್ಲ.