ಬೇನೆಗಿಂತ ಮೊದಲು ಎದ್ದವರು

ಕುಂಬ್ರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಜವಳಿ ವ್ಯಾಪಾರಿ ಬ್ಯಾರಿಯವರು ಮಾತಾಡುವಾಗ ಟೊಪ್ಪಿಯನ್ನು ಹಿಂದೆ ತಳ್ಳಿ, ನನ್ನ ಮುಖದ ಬದಲು ಹೊಟ್ಟೆಯನ್ನು ನೋಡುತ್ತಿದ್ದರು. ಹೊಟ್ಟೆಯಲ್ಲಿ ಹರ್ನಿಯಾ ಇತ್ತು. ಪುತ್ತೂರಿನಲ್ಲಿ ಆಪರೇಷನ್ ಎಂದು ಗೊತ್ತಾದಂದಿನಿಂದ ನಾನು ನನ್ನದೇ ತಿಥಿಯ ಅಡುಗೆಯನ್ನು ಯೋಚಿಸುತ್ತಿದ್ದೆ. ಅವರು ದಿನವೂ ಒಂದು ವಿಟಮಿನ್ ಮಾತ್ರೆ, ಡಬ್ಬಿಯಿಂದ ಒಂದು ಖರ್ಜೂರ ಕೊಟ್ಟು, ನುಂಗುವವರೆಗೂ ನಿಲ್ಲುತ್ತಿದ್ದರು.

“ಆಮೇಲೆ ತಿಂದು ಎಂತ ಪ್ರಯೋಜನ ಮಾಷ್ಟ್ರೇ? ಬೇನೆಗಿಂತ ಮೊದಲು ನಾವು ಎದ್ದಿರ್ಬೇಕು.”

ಆಪರೇಷನ್ನಿನ ದಿನ ಉಪವಾಸ ಇರಬೇಕೆಂದು ಡಾಕ್ಟರು ಹೇಳಿದ್ದರು. ನಮ್ಮ ಮನೆಯ ಏಕಾದಶಿ ಉಪವಾಸಕ್ಕೆ ಅವಲಕ್ಕಿ, ಬಾಳೆಹಣ್ಣು ಅಡ್ಡಿಯಿಲ್ಲ. ಹಾಗಾಗಿ ಆಸ್ಪತ್ರೆಯ ಬೆಂಚಿನಲ್ಲಿ ಕೂತು, ಅಮ್ಮ ಕಟ್ಟಿಕೊಟ್ಟ ಅವಲಕ್ಕಿ ಬಿಚ್ಚಿದೆ. ಜೊತೆಗೆ ಬಂದಿದ್ದ ಬ್ಯಾರಿಯವರಲ್ಲಿ ಧೈರ್ಯಕ್ಕೆಂದು ಖರ್ಜೂರವನ್ನೂ ಕೇಳಿದೆ. ಇಷ್ಟು ದಿನ ತಿನ್ನಿಸಿದವರು ಪೊಟ್ಟಣವನ್ನೇ ಕಿತ್ತುಕೊಂಡರು.

“ಮದ್ದು ಮೂಸಿಸಿ ಮಲಗಿಸಿದ ಮೇಲೆ ಇದು ಗಂಟಲಿಗೆ ಬಂದ್ರೆ ಉಸಿರು ನಿಲ್ತದೆ ಮಾರಾಯ್ರೆ. ನರ್ಸಮ್ಮ ಹೇಳಿದ್ದು ಕೇಳ್ಲಿಲ್ವಾ? ಇವತ್ತು ನಮ್ಮ ನೋಂಬು ಹಿಡಿಯಿರಿ. ಸಂಜೆ ಬಾಂಗ್ ಆಗುವವರೆಗೆ ನೀರೂ ಇಲ್ಲ.”

ಆಪರೇಷನ್ ಮುಗಿದು ನನಗೆ ಸರಿಯಾಗಿ ಎಚ್ಚರವಾದದ್ದು ಸಂಜೆ. ಬೇನೆ ನನಗಿಂತ ಮೊದಲೇ ಎದ್ದು ಕೂತಿತ್ತು. “ನಿಮ್ಮ ಮಾತ್ರೆ ಎಲ್ಲಿ ಹೋಯಿತು?” ಎಂದು ನರಳಿದೆ.

“ಅದಿಲ್ಲದಿದ್ರೆ ಇನ್ನೆಷ್ಟು ಬೇನೆ ಇರ್ತಿತ್ತೋ, ನಿಮಗೆಂತ ಗೊತ್ತುಂಟು?”

ಅಷ್ಟರಲ್ಲಿ ದೂರದ ಮಸೀದಿಯ ಬಾಂಗ್ ಕೇಳಿಸಿತು. ಅವರು ಡಬ್ಬಿ ತೆರೆದರು. ನಾನು ಕೈ ಚಾಚಿದೆ. ಅವರು ಖರ್ಜೂರವನ್ನು ತಮ್ಮ ಬಾಯಿಗೇ ಹಾಕಿಕೊಂಡು, ಹೂಜಿಯ ನೀರನ್ನು ಗಟಗಟನೆ ಕುಡಿದರು.

ಬೆಳಿಗ್ಗೆಯಿಂದ ನೀರು ಮುಟ್ಟದವನು ನಾನೊಬ್ಬನೇ ಎಂದುಕೊಂಡಿದ್ದೆ.