ಬಾಗಿಲ ಪಕ್ಕದ ಕುರ್ಚಿ

ನನ್ನ ಸೋದರತ್ತೆ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತಿದ್ದಾಗ ತರಗತಿಯಲ್ಲಿ ಇಪ್ಪತ್ತೆರಡು ಹುಡುಗರು, ಇವಳೊಬ್ಬಳೇ ಹೆಣ್ಣು. ಹೆಣ್ಣುಮಕ್ಕಳು ಕಾಯುವ ಕೋಣೆ ಬೇರೆ ಇತ್ತು. ಗಂಟೆ ಬಾರಿಸಿದ ಮೇಲೆ ಪ್ರೊಫೆಸರು ಆ ಕೋಣೆಯ ಮುಂದೆ ಹಾದು ಹೋಗುತ್ತಿದ್ದರು. ಅವರ ಹಿಂದೆಯೇ ತರಗತಿಗೆ ಹೋಗಬೇಕು, ಪಾಠ ಮುಗಿದರೆ ಅವರ ಹಿಂದೆಯೇ ಹೊರಬರಬೇಕು. ಅವಳಿಗೆಂದು ಬಾಗಿಲ ಪಕ್ಕ, ಪ್ರೊಫೆಸರ ಮೇಜಿಗೂ ಹಿಂದೆ, ಗೋಡೆಗೆ ತಾಗಿಸಿ ಒಂದು ಕುರ್ಚಿ ಹಾಕಿದ್ದರು. ಹುಡುಗರು ಅವಳಿಗೆ ‘ಚಿಲಕ’ ಎಂದು ಹೆಸರಿಟ್ಟಿದ್ದರಂತೆ. ಎದುರು ಸಿಕ್ಕರೆ ಮಾತ್ರ ತಲೆ ತಗ್ಗಿಸಿ ದಾರಿ ಬಿಡುತ್ತಿದ್ದರು. ಮಾತಾಡುತ್ತಿರಲಿಲ್ಲ.

ಪ್ರೊಫೆಸರು ನೆಲ ನೋಡಿಕೊಂಡೇ ಬರುವವರು, ಹಿಂದೆ ತಿರುಗಿದವರಲ್ಲ. ಹಾಜರಿಯನ್ನು ಸಂಖ್ಯೆ ಹಿಡಿದು ಕೂಗುವರು. ಅತ್ತೆಯದು ಕೊನೆಯದು, ಇಪ್ಪತ್ಮೂರು. ಅಷ್ಟರಲ್ಲಿ ಬೆಂಚುಗಳು ಕಿರುಗುಟ್ಟಿ, ಪುಸ್ತಕ ತೆರೆಯುವ ಗದ್ದಲ ಶುರುವಾಗಿರುತ್ತಿತ್ತು. ದನಿ ಎತ್ತದೆ ಬೆಳೆದ ಹುಡುಗಿ, ಗೋಡೆಗೆ ಕೇಳುವಷ್ಟು ಮೆಲ್ಲಗೆ ಓಗೊಡುತ್ತಿದ್ದಳು.

ಪರೀಕ್ಷೆಗೆ ಮೂರು ವಾರವಿದ್ದಾಗ ನೋಟಿಸ್ ಬೋರ್ಡಿನಲ್ಲಿ ಒಂದು ಪಟ್ಟಿ ಬಿತ್ತು. ಹಾಜರಿ ಸಾಲದೆ ಪರೀಕ್ಷೆಗೆ ಕೂರುವಂತಿಲ್ಲದವರ ಪಟ್ಟಿ. ಅದರಲ್ಲಿ ಇದ್ದದ್ದು ಒಂದೇ ಸಂಖ್ಯೆ, ಇಪ್ಪತ್ಮೂರು. ವರ್ಷವಿಡೀ ಬಂದದ್ದು ಹದಿನಾಲ್ಕೇ ದಿನ ಎಂದು ರಿಜಿಸ್ಟರು ಹೇಳುತ್ತಿತ್ತು.

ಅಪ್ಪನಿಂದ ಅವಳಿಗೆ ಸಿಕ್ಕಿದ್ದು ಒಂದು ವರ್ಷದ ಅವಕಾಶ ಮಾತ್ರ. ಈ ಸಲ ತಪ್ಪಿದರೆ ಓದು ಅಲ್ಲಿಗೆ ಮುಗಿದಂತೆ. ಆಫೀಸಿಗೆ ಹೋಗಿ, ಒಂದು ದಿನವೂ ತಪ್ಪಿಸಿಲ್ಲ, ದೇವರಿಗೆ ಗೊತ್ತು ಎಂದಳು.

“ದೇವರ ಸಹಿ ಈ ಆಫೀಸಲ್ಲಿ ನಡೆಯಲ್ಲಮ್ಮಾ,” ಎಂದ ಗುಮಾಸ್ತ. “ಕ್ಲಾಸಿನ ಇಬ್ಬರ ಹತ್ತಿರ ಬರೆಸಿಕೊಂಡು ಬನ್ನಿ, ನೀವು ಬರ್ತಿದ್ರಿ ಅಂತ.”

ಅವಳು ವರಾಂಡದಲ್ಲಿ ಹೋಗಿ ನಿಂತಳು. ಹುಡುಗರು ಎಂದಿನಂತೆ ಮರ್ಯಾದೆಯಿಂದ ದಾರಿ ಬಿಟ್ಟರು. ಬಿಟ್ಟ ದಾರಿಯಲ್ಲಿ ನಡೆದು ಆ ತುದಿ ಸೇರಿದಳು. ಮತ್ತೆ ಈ ತುದಿಗೆ ಬಂದಳು. ಒಬ್ಬರ ಹೆಸರೂ ಗೊತ್ತಿರಲಿಲ್ಲ. ಏನೆಂದು ಕರೆಯುವುದು?

ಕೊನೆಗೆ ತನ್ನ ನಾಲ್ಕು ನೋಟ್‌ಪುಸ್ತಕಗಳನ್ನು ಎದೆಗವಚಿಕೊಂಡು ಪ್ರೊಫೆಸರ ಕೋಣೆಗೇ ಹೋದಳು. ಅವರು ಪುಟ ತಿರುವಿದರು. ಬರವಣಿಗೆ ಚೆನ್ನಾಗಿದೆ ಎಂದರು. ಆಮೇಲೆ ಮೆತ್ತಗೆ ಕೇಳಿದರು, “ಯಾರದ್ದಾದರೂ ನೋಡಿ ಬರ್ಕೊಂಡಿರಬಹುದಲ್ವೇನಮ್ಮಾ?”

“ಯಾರದ್ದು ಸರ್? ನನ್ನ ಜೊತೆ ಯಾರೂ ಮಾತಾಡಲ್ಲ.”

ಅವರು ಇನ್ನೊಂದು ಪುಟ ತಿರುವಿದರು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ‘ಇಲ್ಲಿ ಒಂದು ಬೆರಳು ಬಿಟ್ಟುಹೋಯಿತು. ಇಸವಿ ನೋಡಿಕೊಳ್ಳಬೇಕು.’ ಮುಂದೆ ಇನ್ನೊಂದು ಕಡೆ: ‘ಬೆರಳು ಸರಿ, ಬಾಯಿ ತಪ್ಪಿತು.’

ಪ್ರೊಫೆಸರಿಗೆ ರಾಜರ ಪಟ್ಟಿ ಹೇಳುವಾಗ ಎರಡೂ ಕೈ ಬೆನ್ನ ಹಿಂದಿಟ್ಟು ಬೆರಳು ಮಡಿಚುತ್ತ ಎಣಿಸುವ ಅಭ್ಯಾಸ. ಇಪ್ಪತ್ತೆರಡು ಜನಕ್ಕೆ ಕಾಣುತ್ತಿದ್ದದ್ದು ಅವರ ಮುಖ. ಬೆರಳು ಕಾಣುವುದು ಒಂದೇ ಕುರ್ಚಿಯಿಂದ.

ಅವರು ತಮ್ಮ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿಕೊಂಡರಂತೆ. ಇಸವಿಯನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿ, “ಹೌದು, ತಪ್ಪು ಹೇಳಿದೀನಿ,” ಎಂದರು. ಕಾಗದ ತೆಗೆದುಕೊಂಡು ಆಫೀಸಿಗೆ ಎರಡು ಸಾಲು ಬರೆದುಕೊಟ್ಟರು.

ಅತ್ತೆ ಪಾಸಾದಳು. ಆಮೇಲೆ ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದಳು. ಹಾಜರಿಯನ್ನು ಕೊನೆಯ ಹುಡುಗಿಯಿಂದ ಶುರುಮಾಡಿ, ಪ್ರತಿಯೊಬ್ಬಳ ಮುಖ ಕಾಣುವ ತನಕ ಮುಂದಕ್ಕೆ ಹೋಗುತ್ತಿರಲಿಲ್ಲ. ಮೊದಲ ಪಿರಿಯಡ್ಡು ಅರ್ಧ ಇದರಲ್ಲೇ ಹೋಗುತ್ತೆ ಎಂದು ಮುಖ್ಯೋಪಾಧ್ಯಾಯಿನಿ ಗೊಣಗುತ್ತಿದ್ದರು.

ಆ ಪ್ರೊಫೆಸರನ್ನು ಮತ್ತೆ ನೋಡಿದೆಯಾ ಎಂದು ಒಮ್ಮೆ ಕೇಳಿದೆ. ಪರೀಕ್ಷೆಯ ದಿನ ಮೇಲ್ವಿಚಾರಣೆಗೆ ಅವರೇ ಬಂದಿದ್ದರಂತೆ.

“ಮೂರು ಗಂಟೆ ಹೊತ್ತೂ ಕೈ ಮುಂದೆ ಕಟ್ಕೊಂಡೇ ಓಡಾಡಿದ್ರು ಕಣೆ,” ಎಂದು ಅತ್ತೆ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು, “ಆ ಒಂದು ವರ್ಷ ನನ್ನ ಜೊತೆಗಿದ್ದದ್ದು ಆ ಬೆರಳುಗಳು ಮಾತ್ರ. ಅವನ್ನೂ ನಾನೇ ಹೇಳಿ ಕಳ್ಕೊಂಡೆ.”