ಗೋಣಿ ಹೊಡೆದ ಕಿಟಕಿ

ಆಗೆಲ್ಲ ಬೇಸಿಗೆ ರಜೆ ಎಂದರೆ ಅಂಕೋಲೆಯ ನಮ್ಮ ಕೇರಿಯ ಮಕ್ಕಳಿಗೆ ಶಶಿ ಅತ್ತೆ. ಅಪ್ಪನ ತಂಗಿ. ಇಳಿತದ ಹೊತ್ತಿಗೆ ನಮ್ಮನ್ನೆಲ್ಲ ಮೊಣಕಾಲುದ್ದ ನೀರಿಗಿಳಿಸಿ ಚಿಪ್ಪಿಕಲ್ಲು ಆರಿಸಲು ಕಲಿಸಿದವಳು. ಅವಳು ನಕ್ಕರೆ ಮೀನು ಒಣಗಿಸುತ್ತಿದ್ದ ಹೆಂಗಸರೂ ಕೆಲಸ ಬಿಟ್ಟು ನಗುತ್ತಿದ್ದರು. ನಾನು ನಾಲ್ಕನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಅವಳು ಕಾರವಾರದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಳು. ಹೆಣ್ಣು ಹುಟ್ಟಿತು.

ಬಾಣಂತಿಗೆ ಗಾಳಿ ತಾಗಬಾರದೆಂದು ಅಜ್ಜಿ ಸಮುದ್ರದ ಕಡೆಯ ಕಿಟಕಿಗೆ ಗೋಣಿಚೀಲ ಹೊಡೆಸಿದಳು. ಆ ಸೆಕೆಯಲ್ಲಿ ಮಂಚದ ಕೆಳಗೆ ಕೆಂಡ, ಕಿವಿಯಲ್ಲಿ ಹತ್ತಿ, ತಲೆಗೆ ಬಿಗಿದ ಬಟ್ಟೆ. ಬೆಳ್ಳುಳ್ಳಿ, ಹುಳಿತ ಹಾಲು, ಹೊಗೆ ಎಲ್ಲ ಬೆರೆತ ವಾಸನೆ. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಮಗು ಅತ್ತರೂ ತಿರುಗುತ್ತಿರಲಿಲ್ಲ. ಸುಮ್ಮನೆ ಕಣ್ಣೀರು ಇಳಿಯುತ್ತಿತ್ತು.

“ಕಣ್ಣೊರಸ್ಕೊ, ಹಾಲು ಬತ್ತಿ ಹೋಗ್ತದೆ! ಎಂತಾ ಕಮ್ಮಿ ಆಗಿದೆ ನಿಂಗೆ?” ಎಂದು ಅಜ್ಜಿ ಗದರುತ್ತಿದ್ದಳು.

ಮಗು ನೋಡಲು ಬಂದ ಹೆಂಗಸರು ಬಾಣಂತಿಗೆಂದು ಕಟ್ಟಿದ ಅಂಟಿನುಂಡೆಯನ್ನು ತಾವೇ ತಿಂದು, ತುಟಿಯ ತುಪ್ಪ ಒರೆಸಿಕೊಳ್ಳುತ್ತ, “ಹೆಣ್ಣಾಯ್ತಲೆ, ಅದ್ಕೇ ಸೆಡವು” ಎಂದರು. ನನಗೆ ಆ ತುಟಿಗಳನ್ನು ಕಂಡರೇ ಹೇಸಿಗೆ.

ಒಂದು ಮಧ್ಯಾಹ್ನ ಅಜ್ಜಿ ಬಾವಿಗೆ ಹೋಗಿದ್ದಾಗ ಅತ್ತೆ ನನ್ನ ಕೈ ಹಿಡಿದಳು.

“ಮಗಾ, ಆ ಗೋಣಿ ಒಂಚೂರು ಎತ್ತೆ. ಉಸ್ರು ತೆಗಿಯೂಕೆ ಆಗ್ತಿಲ್ಲ. ಈ ಪೋರಿ ಕಂಡ್ರೆ ಹೆದ್ರಿಕೆ ಆಗ್ತದೆ ನಂಗೆ. ಯಾರಿಗೆ ಹೇಳೂದು?”

ಎತ್ತಿದೆ. ಗಾಳಿ ಒಳಗೆ ಬಂತು. ಅತ್ತೆ ಎದ್ದು ಕೂತು ನೀರನ್ನೇ ನೋಡಿದಳು. ಸ್ವಲ್ಪ ಹೊತ್ತಿಗೆ, “ತಾ ಇಲ್ಲಿ ಅದ್ನ” ಎಂದು ಮಗುವನ್ನು ತಾನಾಗಿಯೇ ತೊಡೆಗೆ ಹಾಕಿಕೊಂಡಳು. ಅಷ್ಟರಲ್ಲಿ ಅಜ್ಜಿ ಬಂದಳು. ನನ್ನ ಕೆನ್ನೆಗೆ ಬಿತ್ತು, ಗೋಣಿಗೆ ಇನ್ನಷ್ಟು ಮೊಳೆ ಬಿತ್ತು.

ಮರುದಿನವೇ ದೆವ್ವ-ಗಾಳಿ ಬಿಡಿಸುವ ಗಾಡಿಗನನ್ನು ಕರೆಸಿದರು. ಬಾಯಿ ತುಂಬ ಎಲೆಯಡಿಕೆಯ ಕವಳ ತುಂಬಿಕೊಂಡು ಬಂದವನು, “ಕಡಲ ಗಾಳಿ ಸೋಂಕಿದೆ. ಇದ್ರ ಹಾಲು ಪೋರಿಗೆ ಆಗೂದಿಲ್ಲ” ಎಂದ. ಕೆಂಡಕ್ಕೆ ಒಣಮೆಣಸು ಸುರಿದ. ಅತ್ತೆ ಕೆಮ್ಮಿ ಕೆಮ್ಮಿ ಮಂಚದಿಂದ ಬಿದ್ದಳು. ಬಾಗಿಲಲ್ಲಿ ನಿಂತ ಹೆಂಗಸರು ಸೆರಗು ಮೂಗಿಗೆ ಹಿಡಿದು ನೋಡಿದರೇ ಹೊರತು ಒಬ್ಬಳೂ ಎತ್ತಲಿಲ್ಲ. ಅತ್ತೆಯ ಗಂಡನ ಅಣ್ಣನ ಹೆಂಡತಿ ಬಂದು ಮಗುವನ್ನು ಕಾರವಾರಕ್ಕೆ ಒಯ್ದಳು. “ಶಶಿ ಹುಷಾರಾಗೂ ತನಕ” ಎಂದರು.

ಮಗು ಮರಳಿ ಅತ್ತೆಯ ಕೈಗೆ ಬರಲೇ ಇಲ್ಲ; ದೊಡ್ಡಮ್ಮನ ಮಗಳಾಗಿಯೇ ಬೆಳೆಯಿತು.

ಈಗ ಆ ಕಾಯಿಲೆಗೆ ಹೆಸರಿದೆ, ಮದ್ದಿದೆ. ನನ್ನ ಹೆರಿಗೆಯ ನಂತರ ನರ್ಸಬಾಯಿ ನನ್ನ ಪಕ್ಕದಲ್ಲಿ ಕೂತು, “ಅಳು ಬರ್ತದಾ?” ಎಂದು ಕೇಳಿದ್ದಳು. ಅತ್ತೆಯನ್ನು ಯಾರೂ ಕೇಳಲಿಲ್ಲ. ಮೊನ್ನೆ ಕಾರವಾರದಲ್ಲಿ ಅವಳ ಮಗಳ ಮದುವೆ. ಅದೇ ಹೆಂಗಸರು, ಈಗ ಹಲ್ಲಿಲ್ಲದ ಬಾಯಲ್ಲಿ, “ನಮ್ಮ ಕಾಲದ ಬಾಣಂತನ ಈಗ ಎಲ್ಲಿ ಅದೆ!” ಎನ್ನುತ್ತಿದ್ದರು. ಮದುಮಗಳು ಸಾಕಿದ ಆಯಿಯನ್ನು ತಬ್ಬಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮೂಲೆಯಲ್ಲಿ ಕುಳಿತಿದ್ದ ಅತ್ತೆಯ ಹತ್ತಿರ ಬಂದು, ಚಿಕ್ಕಮ್ಮನನ್ನು ಕೇಳುವಂತೆ ಕೇಳಿದಳು:

“ಕಾಕಿ, ಊಟ ಆಯ್ತಾ?”

“ಆಯ್ತು ಮಗಾ” ಎಂದಳು, ಇನ್ನೂ ಎಲೆಗೆ ಕೂರದ ಶಶಿ ಅತ್ತೆ.